ಮ್ಯಾನೇಜ್ಡ್ ನೆಟ್‌ವರ್ಕ್ ಸ್ವಿಚ್: ಮೊದಲ ದಿನವೇ ನೋಡಬೇಕಾದ ಸಿಸ್ಟಂ ಸೆಟ್ಟಿಂಗ್‌ಗಳು

ಕಚೇರಿ, ಶಾಲೆ ಅಥವಾ ದೊಡ್ಡ ಹೌಸಿಂಗ್ ಸೊಸೈಟಿಯಲ್ಲಿ ಕಂಪ್ಯೂಟರ್, ಸಿಸಿಟಿವಿ ಕ್ಯಾಮೆರಾ, ವೈಫೈ ಸಾಧನಗಳನ್ನು ಕೇಬಲ್ ಮೂಲಕ ಜೋಡಿಸುವ ಪೆಟ್ಟಿಗೆಯೇ ನೆಟ್‌ವರ್ಕ್ ಸ್ವಿಚ್. ಅನ್‌ಮ್ಯಾನೇಜ್ಡ್ ಸ್ವಿಚ್‌ಗೆ ಕೇಬಲ್ ಸಿಕ್ಕಿಸಿದರೆ ಮುಗಿಯಿತು, ಬದಲಾಯಿಸಲು ಏನೂ ಇಲ್ಲ. ಮ್ಯಾನೇಜ್ಡ್ ಸ್ವಿಚ್‌ಗಾದರೆ ತನ್ನದೇ ಐಪಿ ವಿಳಾಸ, ಲಾಗಿನ್, ಗಡಿಯಾರ, ಲಾಗ್ ಎಲ್ಲವೂ ಇರುತ್ತವೆ.

ತೊಂದರೆ ಏನೆಂದರೆ, ಮ್ಯಾನೇಜ್ಡ್ ಸ್ವಿಚ್ ಕೂಡ ಸಿಕ್ಕಿಸಿದ ಕೂಡಲೇ ಸಾಮಾನ್ಯವಾಗಿ ಕೆಲಸ ಶುರು ಮಾಡುತ್ತದೆ. ಇಂಟರ್ನೆಟ್ ಬಂತು, ಕ್ಯಾಮೆರಾ ಕಾಣಿಸಿತು ಎಂದರೆ ಅಳವಡಿಸಿದವರು ಹೊರಟುಬಿಡುತ್ತಾರೆ. ಸೆಟ್ಟಿಂಗ್ ಮುಟ್ಟದೆ ಬಿಟ್ಟದ್ದು ಬಯಲಾಗುವುದು ಕಳ್ಳತನವೋ ಹ್ಯಾಕಿಂಗೋ ನಡೆದು ಲಾಗ್ ತೆರೆದ ದಿನ.

ಐಪಿ ವಿಳಾಸ ಮತ್ತು ಹೆಸರು

ಕಾರ್ಖಾನೆಯಿಂದ ಬರುವಾಗಲೇ ಸ್ವಿಚ್‌ಗೆ ಒಂದು ಐಪಿ ಇರುತ್ತದೆ. ಡಿ-ಲಿಂಕ್‌ನ ಹಲವು ಮಾದರಿಗಳಲ್ಲಿ ಅದು 10.90.90.90, ನೆಟ್‌ಗಿಯರ್‌ನಲ್ಲಿ 192.168.0.239, ಸಿಸ್ಕೋದ ಸಣ್ಣ ಉದ್ಯಮದ ಸ್ವಿಚ್‌ಗಳಲ್ಲಿ 192.168.1.254. ಒಂದೇ ಮಾದರಿಯ ಎರಡು ಸ್ವಿಚ್ ಹಾಕಿ ವಿಳಾಸ ಬದಲಿಸದಿದ್ದರೆ ಎರಡಕ್ಕೂ ಜಗಳ ಗ್ಯಾರಂಟಿ. ಈ ಐಪಿ ಇರುವುದು ನಿರ್ವಹಣೆಗೆ ಮಾತ್ರ. ಇದು ತಪ್ಪಿದ್ದರೂ ಪೋರ್ಟ್‌ಗಳ ನಡುವೆ ಡೇಟಾ ಓಡಾಡುತ್ತಲೇ ಇರುತ್ತದೆ. ಹಾಗಾಗಿಯೇ ಯಾರೂ ಗಮನಿಸುವುದಿಲ್ಲ. ಡೀಫಾಲ್ಟ್ ಗೇಟ್‌ವೇ ಕೊಡದಿದ್ದರೆ ಸ್ವಿಚ್‌ಗೆ ತನ್ನ ಜಾಲದ ಹೊರಗಿರುವ ಟೈಮ್ ಸರ್ವರ್ ಸಿಗುವುದಿಲ್ಲ.

ಸಿಸ್ಟಂ ನೇಮ್, ಲೊಕೇಶನ್ ಎಂಬ ಖಾನೆಗಳನ್ನು ಬಹುತೇಕರು ಖಾಲಿ ಬಿಡುತ್ತಾರೆ. ‘ಬಿ ವಿಂಗ್, 3ನೇ ಮಹಡಿ, ಲಿಫ್ಟ್ ಪಕ್ಕ’ ಎಂದು ಬರೆದಿಟ್ಟರೆ ಹತ್ತು ಸ್ವಿಚ್‌ಗಳ ನಡುವೆ ಕೆಟ್ಟದ್ದನ್ನು ಹುಡುಕುವ ಕಾಟ ತಪ್ಪುತ್ತದೆ.

ಐದೂವರೆ ಗಂಟೆಯ ತಪ್ಪು

ಎಲ್ಲಕ್ಕಿಂತ ಹೆಚ್ಚು ಕಡೆಗಣಿಸಲ್ಪಡುವುದು ಗಡಿಯಾರ. ಅನೇಕ ಸ್ವಿಚ್‌ಗಳಲ್ಲಿ ಸಮಯ ಕಾಯುವ ಬ್ಯಾಟರಿ ಇರುವುದಿಲ್ಲ. ಕರೆಂಟ್ ಹೋಗಿ ಬಂದರೆ ಯಾವುದೋ ಹಳೆಯ ದಿನಾಂಕಕ್ಕೆ ಮರಳುತ್ತವೆ. ಸಿಸ್ಕೋದ ಹಲವು ಕ್ಯಾಟಲಿಸ್ಟ್ ಸ್ವಿಚ್‌ಗಳು ತೋರಿಸುವುದು 1993ರ ಮಾರ್ಚ್ 1. ಇದಕ್ಕೆ ಪರಿಹಾರ, ನೆಟ್‌ವರ್ಕ್‌ನಿಂದಲೇ ಸಮಯ ಪಡೆಯುವ ಎನ್‌ಟಿಪಿ.

ಎನ್‌ಟಿಪಿ ಹಾಕಿ ಟೈಮ್ ಝೋನ್ ಮರೆತರೂ ಕಷ್ಟವೇ. ಭಾರತದ ಸಮಯ ಯುಟಿಸಿಗಿಂತ 5 ಗಂಟೆ 30 ನಿಮಿಷ ಮುಂದಿದೆ. ಯುಟಿಸಿಯಲ್ಲೇ ಬಿಟ್ಟ ಸ್ವಿಚ್‌ನಲ್ಲಿ ರಾತ್ರಿ 2 ಗಂಟೆಗೆ ಪೋರ್ಟ್ ಕೈಕೊಟ್ಟರೆ ಲಾಗ್‌ನಲ್ಲಿ ಹಿಂದಿನ ದಿನದ ರಾತ್ರಿ 8.30 ಎಂದು ದಾಖಲಾಗುತ್ತದೆ. ಕ್ಯಾಮೆರಾ ದೃಶ್ಯದ ಜತೆ ತಾಳೆ ನೋಡುವವರ ದಾರಿ ತಪ್ಪಲು ಇಷ್ಟು ಸಾಕು.

ಇದು ಕಾನೂನಿನ ವಿಷಯವೂ ಹೌದು. 2022ರ ಏಪ್ರಿಲ್ 28ರಂದು ಸಿಇಆರ್‌ಟಿ-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ ಕಂಪನಿಗಳು, ಸರ್ಕಾರಿ ಸಂಸ್ಥೆಗಳು ತಮ್ಮ ವ್ಯವಸ್ಥೆಗಳ ಗಡಿಯಾರವನ್ನು ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸರ್ವರ್‌ಗೆ, ಇಲ್ಲವೇ ಅವುಗಳಿಗೆ ಹೊಂದಿಕೊಂಡ ಸರ್ವರ್‌ಗೆ ಜೋಡಿಸಬೇಕು. ಲಾಗ್‌ಗಳನ್ನು 180 ದಿನ ಕಾಪಾಡಬೇಕು. ಸ್ವಿಚ್‌ನ ಮೆಮೊರಿಯಲ್ಲಿ ಅಷ್ಟು ದಿನದ ಲಾಗ್ ಉಳಿಯುತ್ತದೆಂದು ನಂಬುವಂತಿಲ್ಲ. ಹೀಗಾಗಿ ಸಿಸ್‌ಲಾಗ್ ಸರ್ವರ್ ವಿಳಾಸವನ್ನೂ ಕೊಡಬೇಕಾಗುತ್ತದೆ.

ಪಾಸ್‌ವರ್ಡ್, ಪ್ರವೇಶ

ಕಾರ್ಖಾನೆಯ ಪಾಸ್‌ವರ್ಡ್ ಸಾಮಾನ್ಯವಾಗಿ ಕೈಪಿಡಿಯಲ್ಲೇ ಅಚ್ಚಾಗಿರುತ್ತದೆ, ಕೈಪಿಡಿ ಎಲ್ಲರಿಗೂ ಸಿಗುತ್ತದೆ. ಮೊದಲು ಅದನ್ನು ಬದಲಿಸಬೇಕು. ಟೆಲ್‌ನೆಟ್ ಮತ್ತು ಎಚ್‌ಟಿಟಿಪಿಯಲ್ಲಿ ಪಾಸ್‌ವರ್ಡ್ ಗುಪ್ತಲಿಪಿ ಇಲ್ಲದೆ ಸಾಗುವುದರಿಂದ ಅವನ್ನು ಮುಚ್ಚಿ ಎಸ್‌ಎಸ್‌ಎಚ್, ಎಚ್‌ಟಿಟಿಪಿಎಸ್ ಮಾತ್ರ ತೆರೆದಿಡುವುದು ಸರಿ. ಎಸ್‌ಎನ್‌ಎಂಪಿ ಬಳಸದಿದ್ದರೆ ಆಫ್ ಮಾಡಬಹುದು. ಬೇಕಿದ್ದರೆ ‘ಪಬ್ಲಿಕ್’ ಎಂಬ ಡೀಫಾಲ್ಟ್ ಪದ ಬಿಟ್ಟು 3ನೇ ಆವೃತ್ತಿ ಬಳಸಬೇಕು.

ಸೇವ್ ಮಾಡಿದಿರಾ?

ಇಷ್ಟೆಲ್ಲ ಮಾಡಿದರೂ ಕೊನೆಯ ಒಂದು ಕ್ಲಿಕ್ ಬಾಕಿ. ಅನೇಕ ಸ್ವಿಚ್‌ಗಳಲ್ಲಿ ‘ಅಪ್ಲೈ’ ಒತ್ತಿದರೆ ಬದಲಾವಣೆ ಚಾಲ್ತಿಗೆ ಬರುತ್ತದೆಯೇ ಹೊರತು ಉಳಿಯುವುದಿಲ್ಲ. ಚಾಲ್ತಿಯಲ್ಲಿರುವುದು ರನ್ನಿಂಗ್ ಕಾನ್ಫಿಗ್, ಮುಂದಿನ ಬಾರಿ ಆನ್ ಆದಾಗ ಓದುವುದು ಸ್ಟಾರ್ಟಪ್ ಕಾನ್ಫಿಗ್. ಮೊದಲಿನದನ್ನು ಎರಡನೆಯದಕ್ಕೆ ‘ಸೇವ್’ ಮಾಡದಿದ್ದರೆ ಒಂದು ಪವರ್ ಕಟ್‌ಗೆ ಆ ಬದಲಾವಣೆಗಳೆಲ್ಲ ಅಳಿಸಿಹೋಗುತ್ತವೆ. ಆ ಫೈಲಿನ ಒಂದು ಪ್ರತಿಯನ್ನು ಕಂಪ್ಯೂಟರ್‌ಗೂ ಇಳಿಸಿಕೊಳ್ಳಬಹುದು. ಅದರಲ್ಲಿ ಪಾಸ್‌ವರ್ಡ್‌ಗಳೂ ಇರಬಹುದಾದ್ದರಿಂದ ಸೊಸೈಟಿಯ ವಾಟ್ಸಾಪ್ ಗ್ರೂಪ್‌ಗೆ ಮಾತ್ರ ಹಾಕಬಾರದು.