ತಂಬೂರಿ ಕಟಗಿ ಸೀಳೋ ಗರಗಸದ ಕತಿ

ಅಕ್ಕಗೋಳೇ, ವೈನಿಗೋಳೇ, ನಮ್ಮ ಹುಡಗಿಗೆ ಮಾಣಿಕನಗರ ದೂರೇನಿಲ್ಲ. ದತ್ತ ಜಯಂತಿಗೆ ಅಲ್ಲಿ ಸಂಗೀತ ದರಬಾರ ನಡೀತದ. ಹಾಡೋರ ಹೆಸರು ಎಲ್ಲಾರಿಗೂ ನೆನಪಿರ್ತದ. ಹಿಂದ ಕುಂತು ಝೇಂಕರಿಸೋ ತಂಬೂರಿ ಕಟಗಿ ಹ್ಯಾಂಗ ಸೀಳಿದ್ರು ಅಂತ ಮಾತ್ರ ಯಾರೂ ಕೇಳಂಗಿಲ್ಲ. ನಾವು ಕೇಳಬೇಕು. ಈಗ ಬಡಗತನದ ಮನ್ಯಾಗ ಮಶೀನ್ ತರೋ ಮಾತು ಬಂದ್ರ ಎಷ್ಟೋ ಕಡಿ ರೊಕ್ಕ ಹೆಣ್ಮಕ್ಕಳ ಸಂಘದ ಸಾಲದಿಂದ ಬರ್ತದ, ಕಾಗದದ ಮ್ಯಾಲ ಸಹಿ ನಮ್ದೇ ಇರ್ತದ.

ತಂಬೂರಿ ಅಂದ್ರ ನಮ್ಮ ಸೀಮಿದಾಗ ಮೀರಜ. ಕತ್ತಿಗೆ ಸಾಣಿ ಹಿಡಿಯೋ ಶಿಕಲಗಾರ ಮನೆತನದವರು 19ನೇ ಶತಮಾನದಾಗ ಅಲ್ಲಿ ತಂತಿ ವಾದ್ಯದ ಕೆಲಸಕ್ಕ ಹೊರಳಿದರು. ಒಣಗಿದ ಸೋರಿಬುರುಡಿ, ತೂನ್ ಕಟಗಿ, ಉಳಿ, ಅರ, ಇವೇ ಅವರ ಬಂಡವಾಳ. ಅದೇ ಊರಾಗ ನೆಲಿಸಿದ್ದ ಅಬ್ದುಲ್ ಕರೀಂ ಖಾನ್ ಸಾಹೇಬರು 1937ರಾಗ ತೀರಿಕೊಂಡರು. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು, ಅವರ ಶಿಷ್ಯರು ಗಂಗೂಬಾಯಿ ಹಾನಗಲ್ಲರು, ಭೀಮಸೇನ ಜೋಶಿಯವರು. 2024ರಾಗ ಮೀರಜದ ಸಿತಾರ ಮತ್ತ ತಂಬೂರಿಗೆ ಜಿ.ಐ. ಮಾನ್ಯತೆ ಸಿಕ್ತು.

ತಂಬೂರಿ ಕೆಲಸ ಬಹುತೇಕ ಕೈದೇ. ಮಶೀನಿನ ಪಾಳಿ ಬರೋದು ಮೊದಲನೇ ಸೀಳಿಗೆ, ಅಂದ್ರ ದಪ್ಪ ಹಲಗಿ ನಿಲ್ಲಿಸಿ ತೆಳು ಹಲಗಿ ಮಾಡೋದಕ್ಕ. ಹಿಂದ ದಿಮ್ಮಿ ಎತ್ತರಕ್ಕ ಇಟ್ಟು ಒಬ್ಬಾಂವ ಮ್ಯಾಲ, ಒಬ್ಬಾಂವ ಕೆಳಗ ನಿಂತು ಗರಗಸ ಎಳೀತಿದ್ರು. ಆಮ್ಯಾಲ ದುಂಡ ಗರಗಸ ಬಂತು. ಅದು ಜಲ್ದಿ ಕೊಯ್ತದ, ಆದ್ರ ದಪ್ಪ ಇರೋದ್ರಿಂದ ಕಟಗಿ ತಿಂತದ.

ಭಜನಿ ಪೇಟಿಗೆ 4 ಮಿ.ಮೀ. ಹಲಗಿ ಬೇಕು ಅಂತ ತಿಳೀರಿ. 50 ಮಿ.ಮೀ. ದಪ್ಪದ ಹಲಗಿ ಅದ. ಗರಗಸ ಪ್ರತಿ ಸೀಳಿಗೆ 3 ಮಿ.ಮೀ. ತಿಂದ್ರ 7 ಹಲಗಿ ಬರ್ತಾವ. 1 ಮಿ.ಮೀ. ತಿಂದ್ರ 10 ಬರ್ತಾವ. ನಡುವಿನ ಮೂರು ಹಲಗಿ ಹೊಟ್ಟಾಗಿ ಒಲಿಗೆ ಹೋಗ್ತಾವ.

ಈ ಕಮ್ಮಿ ತಿನ್ನೋ ಗರಗಸಾನೇ ಬ್ಯಾಂಡ್‌ಸಾ: ಎರಡು ಚಕ್ರದ ಮ್ಯಾಲ ಪಟ್ಟದಂಗ ಓಡೋ ತೆಳು ಉಕ್ಕಿನ ಪಟ್ಟಿ. ಲಂಡನ್ನಿನ ವಿಲಿಯಂ ನ್ಯೂಬೆರಿ 1808ರಾಗೇ ಇದಕ್ಕ ಪೇಟೆಂಟ್ ತಗೊಂಡಿದ್ದ. ಆದ್ರ ಪಟ್ಟಿಯ ಎರಡು ತುದಿ ಕೂಡಿಸಿದ ಜಾಗ ಚಕ್ರದ ಮ್ಯಾಲ ಬಾಗಿ ಬಾಗಿ ಮುರೀತಿತ್ತು. ಸುಮಾರು 40 ವರ್ಷ ಹಂಗೇ ಹೋದ್ವು. 1846ರಾಗ ಫ್ರಾನ್ಸಿನ ಆನ್ ಪಾಲಿನ್ ಕ್ರೆಪಾಂ ಅನ್ನೋ ಹೆಣ್ಣುಮಗಳು ಆ ತುದಿ ಗಟ್ಟಿಯಾಗಿ ಬೆಸಿಯೋ ವಿದ್ಯಾಕ್ಕ ಪೇಟೆಂಟ್ ಕೇಳಿದಳು. ಪ್ಯಾರಿಸ್ಸಿನ ಪೆರಾಂ ಕಂಪನಿ ಆಕಿ ಕಡಿಂದ ಹಕ್ಕು ಕೊಂಡು, ಒಳ್ಳೆ ಉಕ್ಕು ಸೇರಿಸಿ, ಬಾಳಿಕಿ ಬರೋ ಪಟ್ಟಿ ಮಾಡ್ತು. ಹೆಸರು ಬೆಳೆದದ್ದು ಕಂಪನೀದು, ಬೆಸುಗಿ ಆಕಿದು.

ಈಗ ಮಶೀನ್ ನೋಡಾಕ ಹೋದ್ರ ಏನು ಕೇಳಬೇಕು? 18 ಇಂಚಿನ ಮಶೀನ್ ಅಂದ್ರ ಅದು ಚಕ್ರದ ಅಳತಿ. ಎಷ್ಟು ಅಗಲದ ಹಲಗಿ ನಿಲ್ಲಿಸಿ ಸೀಳಬಹುದು ಅನ್ನೋದು ಬ್ಯಾರೆ, ಅದನ್ನ ಟೇಪ್ ಹಿಡಿದೇ ನೋಡ್ರಿ. ಸೀಳೋ ಪಟ್ಟಿ ಅಗಲ ಇರಬೇಕು, ಹಲ್ಲು ದೊಡ್ಡವು, ಇಂಚಿಗೆ ಸುಮಾರು 3. ಸಣ್ಣ ಹಲ್ಲಿನ ಸಂದ್ಯಾಗ ಹೊಟ್ಟು ತುಂಬಿ ಪಟ್ಟಿ ಕಾಯ್ತದ, ಸೀಳು ಸೊಟ್ಟ ಆಗ್ತದ. ಪಟ್ಟಿ ಬಿಗಿಯೋ ತಿರುಪು, ಅದನ್ನ ಸೀದಾ ಹಿಡಿಯೋ ಗೈಡು, ಹಲಗಿಗೆ ಆಸರ ಕೊಡೋ ಎತ್ತರದ ಪಟ್ಟಿ, ಮೂರೂ ಗಟ್ಟಿ ಇರಬೇಕು. ಅಂಗಡಿದಾಗೇ ಒಂದು ಒಣ ತುಂಡು ಸೀಳಿಸಿ ಮ್ಯಾಲ, ಕೆಳಗ, ಎರಡೂ ಕೊನಿಗೆ ದಪ್ಪ ಅಳೀರಿ. ಹಸಿ ಕಟಗಿ ಎಂಥ ಮಶೀನಿಗೆ ಕೊಟ್ರೂ ಸೀಳಿದ ಮ್ಯಾಲ ಸೊಟ್ಟಗಾಗ್ತದ.

ಮೋಟರ್ ಮನಿ ಲೈನಿಗೆ ನಡೀತದೋ ತ್ರೀ ಫೇಸ್ ಬೇಕೋ ಕೇಳ್ರಿ. ಕಟಗಿ ಸೀಳೋ ಮಶೀನಿಗೆ ಲೈಸೆನ್ಸ್ ಮಾತು ಬರ್ತದ, ರೊಕ್ಕ ಕೊಡೋಕಿಂತ ಮೊದ್ಲು ಅರಣ್ಯ ಇಲಾಖೆ ಕಚೇರಿದಾಗ ವಿಚಾರಿಸ್ರಿ. ಹೊಟ್ಟು ಎಳಿಯೋ ಪೈಪು, ಮೂಗಿಗೆ ಮಾಸ್ಕು ಮಶೀನಿನ ಜೋಡಿನೇ ಬರಬೇಕು. ಕಟಗಿ ಧೂಳು ಕ್ಯಾನ್ಸರ್ ತರ್ತದ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳ್ಯಾದ. ತೊಟ್ಟಿಲ ಆ ಕೋಣಿದಾಗ ಬ್ಯಾಡ. ನಾವೂ ಕೈ ಹಚ್ಚಿದ್ರ ಸೆರಗು ಸಿಗಿಸಿ, ಹೆರಳು ಕಟ್ಟಿ, ಬಳಿ ತೆಗದಿಟ್ಟೇ ನಿಲ್ಲಬೇಕು.

ವರ್ಷಕ್ಕ ನಾಕೈದು ದಿಮ್ಮಿ ಅಷ್ಟೇ ಇದ್ರ ತೆಳು ಪಟ್ಟಿ ಇರೋ ಕಟಗಿ ಅಡ್ಡಾಕ್ಕ ಒಯ್ದು, ಕೂಲಿ ಕೊಟ್ಟು ಸೀಳಿಸೋದೇ ಛಲೋ. ದಿನಾ ಕೆಲಸ ಇದ್ದ ಮನಿಗೆ ಮಶೀನ್ ಬೇಕು. ಉಳಿಯೋ ಹಲಗಿ ಸಾಲದ ಕಂತು ಕಟ್ತಾವೇನು ಅಂತ ಪಾಟಿ ಮ್ಯಾಲ ಬರದು ನೋಡ್ರಿ, ಆಮ್ಯಾಲ ಸಹಿ ಹಾಕ್ರಿ.