ದಣಿವಿಗೆ ಕಟ್ಟುಪಾಡು: ಸಿಡ್ನಿ, ಮೆಲ್ಬರ್ನ್ ಧಕ್ಕೆಗಳ ದುಡಿಮೆಯ ಚರಿತ್ರೆ

ಸಿಡ್ನಿಯ ಬಾರಂಗಾರು ಮತ್ತು ಮೆಲ್ಬರ್ನ್‌ನ ಡಾಕ್‌ಲ್ಯಾಂಡ್ಸ್ ಇವತ್ತು ಬ್ಯಾಂಕು, ವಿಮೆ, ಸಾಫ್ಟ್‌ವೇರ್ ಕಚೇರಿಗಳ ಬಡಾವಣೆಗಳು. ಕೆಲವೇ ದಶಕಗಳ ಹಿಂದೆ ಈ ಎರಡೂ ಜಾಗಗಳು ಹಡಗಿನಿಂದ ಸರಕು ಇಳಿಸುವ ಧಕ್ಕೆಗಳಾಗಿದ್ದವು. ಮನುಷ್ಯ ದಿನಕ್ಕೆ ಎಷ್ಟು ಹೊತ್ತು ದುಡಿಯಬೇಕು, ದಣಿದವನಿಗೆ ಯಾವಾಗ ಬಿಡುವು, ಆ ಬಿಡುವಿನ ಖರ್ಚು ಯಾರದು ಎಂಬ ಪ್ರಶ್ನೆಗಳ ಮೇಲೆ ಇಲ್ಲಿ ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಜಗಳ ನಡೆದಿದೆ. ದಣಿವನ್ನು ಒಬ್ಬೊಬ್ಬರ ದೌರ್ಬಲ್ಯವೆಂದು ನೋಡಿದಾಗ ಪರಿಹಾರ ಸಿಗಲಿಲ್ಲ. ಕೆಲಸವನ್ನು ಹಂಚುವ ರೀತಿಯೇ ಅದಕ್ಕೆ ಕಾರಣವೆಂದು ಒಪ್ಪಿದಾಗ ಸಿಕ್ಕಿತು. ಈ ಧಕ್ಕೆಗಳ ಚರಿತ್ರೆಯ ಸಾರ ಇದು.

ಮೊದಲ ಗೆಲುವು ಧಕ್ಕೆಯ ಮಗ್ಗುಲಲ್ಲೇ ಬಂತು, ಆದರೆ ಗೆದ್ದವರು ಹಮಾಲಿಗಳಲ್ಲ, ಕಲ್ಲುಕುಟಿಗರು. 1855ರಲ್ಲಿ ಸಿಡ್ನಿಯ ಮಿಲ್ಲರ್ಸ್ ಪಾಯಿಂಟ್‌ನ ಹೋಲಿ ಟ್ರಿನಿಟಿ ಚರ್ಚು ಮತ್ತು ಹತ್ತಿರದ ಮ್ಯಾರಿನರ್ಸ್ ಚರ್ಚು ಕಟ್ಟುತ್ತಿದ್ದವರು ದಿನಕ್ಕೆ ಎಂಟು ಗಂಟೆಯ ಕೆಲಸವನ್ನು ಪಡೆದುಕೊಂಡರು. ಮರುವರ್ಷ, 1856ರ ಏಪ್ರಿಲ್ 21ರಂದು, ಮೆಲ್ಬರ್ನ್ ವಿಶ್ವವಿದ್ಯಾಲಯದ ಕಟ್ಟಡದಲ್ಲಿದ್ದ ಕಲ್ಲುಕುಟಿಗರು ಉಳಿ ಸುತ್ತಿಗೆ ಕೆಳಗಿಟ್ಟು ಸಂಸತ್ ಭವನದ ಕಡೆಗೆ ಮೆರವಣಿಗೆ ಹೊರಟರು. ಕೂಲಿಯಲ್ಲಿ ಕಡಿತವಿಲ್ಲದೆ ಎಂಟು ಗಂಟೆ ಅವರದಾಯಿತು. ಅವರ ವಾದ ಎರಡು ಕಾಲ ಮೇಲೆ ನಿಂತಿತ್ತು: ಆಸ್ಟ್ರೇಲಿಯಾದ ಬಿಸಿಲಿನಲ್ಲಿ ಇಂಗ್ಲೆಂಡಿನಷ್ಟು ಹೊತ್ತು ದುಡಿಯಲಾಗದು, ದುಡಿಯುವವನಿಗೂ ಓದಲು, ಮನೆಮಂದಿಯೊಡನೆ ಕೂರಲು ಹೊತ್ತು ಬೇಕು. ಎಂಟು ಗಂಟೆ ದುಡಿಮೆ, ಎಂಟು ಗಂಟೆ ನಿದ್ದೆ, ಎಂಟು ಗಂಟೆ ಸ್ವಂತಕ್ಕೆ ಎಂಬ ಲೆಕ್ಕವನ್ನು ಸಾರುವ ಸ್ಮಾರಕ ಮೆಲ್ಬರ್ನ್‌ನ ಟ್ರೇಡ್ಸ್ ಹಾಲ್ ಬಳಿ ಈಗಲೂ ಇದೆ.

ಧಕ್ಕೆಯ ಹಮಾಲಿಗಳಿಗೆ ಈ ಲೆಕ್ಕ ಅನ್ವಯಿಸುವುದು ಕಷ್ಟವಾಯಿತು. ಹಡಗು ಬಂದಾಗ ಕೆಲಸ, ಬಾರದಿದ್ದರೆ ಇಲ್ಲ. ಹಡಗು ನಿಂತಷ್ಟೂ ಮಾಲೀಕರಿಗೆ ನಷ್ಟವಾದ್ದರಿಂದ ಬಂದ ಹಡಗನ್ನು ಒಂದೇ ಉಸಿರಿಗೆ ಖಾಲಿ ಮಾಡಿಸುತ್ತಿದ್ದರು. ಮೆಲ್ಬರ್ನ್‌ನಲ್ಲಿ ಎಂಜಿನಿಯರ್ ಜಾನ್ ಕೂಡ್ ಅವರ ಯೋಜನೆಯಂತೆ ಯಾರಾ ನದಿಯ ದಾರಿಯನ್ನು ನೇರ ಮಾಡಲಾಯಿತು. ಜೌಗು ನೆಲವನ್ನು ತೋಡಿ ಕಟ್ಟಿದ ವಿಕ್ಟೋರಿಯಾ ಡಾಕ್ 1892ರಲ್ಲಿ ಬಳಕೆಗೆ ಬಂತು. ಸಿಡ್ನಿಯಲ್ಲಿ 1900ರ ಪ್ಲೇಗ್ ಮಾರಿಯ ನಂತರ ಸರ್ಕಾರ ಧಕ್ಕೆಗಳನ್ನೂ ಸುತ್ತಲಿನ ಕೇರಿಗಳನ್ನೂ ಖಾಸಗಿಯವರಿಂದ ವಶಕ್ಕೆ ಪಡೆದು, ಬಂದರು ಟ್ರಸ್ಟ್ ರಚಿಸಿ, ಹೊಸ ಧಕ್ಕೆಗಳನ್ನೂ ಹಿಕ್ಸನ್ ರಸ್ತೆಯನ್ನೂ ಕಟ್ಟಿತು. ಕಟ್ಟಡಗಳು ಹೊಸದಾದವು, ಕೂಲಿ ಹಿಡಿಯುವ ಪದ್ಧತಿ ಮಾತ್ರ ಹಳೆಯದೇ ಉಳಿಯಿತು.

ಆ ಪದ್ಧತಿ ಹೀಗಿತ್ತು. ಬೆಳಗ್ಗೆ ಧಕ್ಕೆಯ ಬಾಗಿಲಲ್ಲಿ ನೂರಾರು ಜನ ಸೇರುತ್ತಿದ್ದರು. ಮೇಸ್ತ್ರಿ ಎತ್ತರದಲ್ಲಿ ನಿಂತು, ಗುಂಪಿನ ಮೇಲೆ ಕಣ್ಣಾಡಿಸಿ, ತನಗೆ ಬೇಕಾದವರತ್ತ ಬೆರಳು ತೋರುತ್ತಿದ್ದ. ಅಗಲ ಹೆಗಲಿನ, ಎದುರು ಮಾತಾಡದ ಗಟ್ಟಿಗರಿಗೆ ಮೊದಲ ಮಣೆ. ಅವರನ್ನು ಗೂಳಿಗಳೆಂದು ಕರೆಯುತ್ತಿದ್ದುದರಿಂದ ಇದಕ್ಕೆ ಗೂಳಿ ಪದ್ಧತಿ ಎಂದೇ ಹೆಸರಾಯಿತು. ಉಳಿದವರು ಮುಂದಿನ ಧಕ್ಕೆಗೆ, ಅಲ್ಲಿಂದ ಅದರ ಮುಂದಿನದಕ್ಕೆ ನಡೆಯಬೇಕಿತ್ತು. ಸಿಡ್ನಿಯ ಹಿಕ್ಸನ್ ರಸ್ತೆ, ಸಸೆಕ್ಸ್ ಬೀದಿಗಳ ಉದ್ದಕ್ಕೂ ಹೀಗೆ ಬರಿಗೈಯಲ್ಲಿ ಅಲೆಯುತ್ತಿದ್ದ ದಾರಿಗೆ ಹಮಾಲಿಗಳು ‘ಹಂಗ್ರಿ ಮೈಲ್’ (ಹಸಿವಿನ ಮೈಲಿ) ಎಂದು ಹೆಸರಿಟ್ಟರು. 1930ರ ಆರ್ಥಿಕ ಕುಸಿತದ ವೇಳೆ ಹಮಾಲಿ ಕವಿ ಅರ್ನೆಸ್ಟ್ ಆಂಟನಿ ಅದೇ ಹೆಸರಿನ ಕವಿತೆ ಬರೆದ.

ಕೆಲಸ ಸಿಕ್ಕವನ ಪಾಡೂ ಸುಖದ್ದಲ್ಲ. ಗೋಧಿಯ ಒಂದು ಮೂಟೆ ಸುಮಾರು 82 ಕಿಲೋ ತೂಗುತ್ತಿತ್ತು. ಉಣ್ಣೆಯ ಪಿಂಡಿಗಳನ್ನು ಕೈಗೊಕ್ಕೆ ಹಾಕಿ ಎಳೆಯಬೇಕಿತ್ತು. ಟೈರಿಗೆ ಬಳಸುವ ಕಾರ್ಬನ್ ಕಪ್ಪಿನ ಚೀಲ ಒಡೆದರೆ ಪುಡಿ ಕಣ್ಣು, ಮೂಗು, ಚರ್ಮದ ರಂಧ್ರಗಳಿಗೆ ಇಳಿಯುತ್ತಿತ್ತು. ಕಲ್ನಾರಿನ ಚೀಲಗಳ ದೂಳು ಎಷ್ಟೋ ಜನರಿಗೆ ದಶಕಗಳ ನಂತರ ಶ್ವಾಸಕೋಶದ ಕಾಯಿಲೆಯಾಗಿ ಬಂತು. ಒಮ್ಮೆ ಹಡಗಿನ ಒಡಲಿಗೆ ಇಳಿದವನು ಇಪ್ಪತ್ನಾಲ್ಕು ಗಂಟೆ ಸತತವಾಗಿ ದುಡಿಯುವುದು ಅಪರೂಪವಾಗಿರಲಿಲ್ಲ. ಸಾಕೆಂದು ಮೇಲೆ ಬಂದವನಿಗೆ ನಾಳೆ ಮೇಸ್ತ್ರಿ ಬೆರಳು ತೋರುವುದಿಲ್ಲ ಎಂಬ ಹೆದರಿಕೆ ಇತ್ತು. ಮೈ ದಣಿವಿಗಿಂತ ಈ ಅನಿಶ್ಚಿತತೆಯೇ ಅವರನ್ನು ಹೆಚ್ಚು ಹಿಂಡುತ್ತಿತ್ತು: ಇಂದು ಕೆಲಸವಿದೆ, ನಾಳೆ ಇಲ್ಲ, ಇದ್ದಾಗ ಬೇಡ ಎನ್ನುವಂತಿಲ್ಲ, ಇಲ್ಲದಾಗ ಗಂಜಿಗೂ ಗತಿಯಿಲ್ಲ.

ಇದಕ್ಕೆ ಎದುರಾಗಿ ಸಂಘಟನೆ ಬೆಳೆಯಿತು. ಸಿಡ್ನಿಯ ಧಕ್ಕೆ ಕಾರ್ಮಿಕರ ಸಂಘ 1872ರಲ್ಲಿ ಹುಟ್ಟಿತು. 1890ರ ದೊಡ್ಡ ಬಂದರು ಮುಷ್ಕರ ಸೋಲಿನಲ್ಲಿ ಮುಗಿದು ಸಂಘಗಳು ನೆಲಕಚ್ಚಿದವು. 1902ರಲ್ಲಿ ಧಕ್ಕೆ ಕಾರ್ಮಿಕರ ರಾಷ್ಟ್ರೀಯ ಒಕ್ಕೂಟವಾದ ವಾಟರ್‌ಸೈಡ್ ವರ್ಕರ್ಸ್ ಫೆಡರೇಶನ್ ಸ್ಥಾಪನೆಯಾಯಿತು. ಮುಂದೆ ಪ್ರಧಾನಿಯಾದ ಬಿಲ್ಲಿ ಹ್ಯೂಸ್ ಅದರ ಮೊದಲ ಅಧ್ಯಕ್ಷ. 1914ರಲ್ಲಿ ಮಧ್ಯಸ್ಥಿಕೆ ನ್ಯಾಯಾಲಯದ ನ್ಯಾಯಮೂರ್ತಿ ಹಿಗಿನ್ಸ್, ಧಕ್ಕೆ ಕೆಲಸ ಬಿಟ್ಟು ಬಿಟ್ಟು ಬರುವಂಥದ್ದು ಎಂಬುದನ್ನು ಗಮನದಲ್ಲಿಟ್ಟು ಗಂಟೆಯ ಕೂಲಿ ನಿಗದಿ ಮಾಡಿದರು. ಕಾದು ಕಳೆದ ಹೊತ್ತಿಗೂ ಬೆಲೆಯಿದೆ ಎಂಬ ಮಾತು ಹೀಗೆ ತೀರ್ಪಿನೊಳಗೆ ಬಂತು.

ಆದರೆ 1928ರ ಮುಷ್ಕರ ಮತ್ತೆ ಎಲ್ಲವನ್ನೂ ಹಿಂದಕ್ಕೆ ತಳ್ಳಿತು. ಪ್ರಧಾನಿ ಬ್ರೂಸ್ ಅವರ ಸರ್ಕಾರ ತಂದ ಸಾರಿಗೆ ಕಾರ್ಮಿಕರ ಕಾಯಿದೆಯಡಿ ಪರವಾನಗಿ ಇಲ್ಲದವನಿಗೆ ಧಕ್ಕೆಯಲ್ಲಿ ಕೆಲಸವಿಲ್ಲವೆಂದಾಯಿತು. ಹಮಾಲಿಗಳು ಅದನ್ನು ನಾಯಿಯ ಕೊರಳಪಟ್ಟಿಯ ಕಾಯಿದೆ ಎಂದು ಹಂಗಿಸಿದರು. 1928ರ ನವೆಂಬರ್ 2ರಂದು ಮೆಲ್ಬರ್ನ್‌ನ ಪ್ರಿನ್ಸಸ್ ಪಿಯರ್‌ನಲ್ಲಿ ಪೊಲೀಸರು ಮುಷ್ಕರನಿರತರ ಮೇಲೆ ಗುಂಡು ಹಾರಿಸಿದರು. ಗಾಯಗೊಂಡ ಅಲನ್ ವಿಟೇಕರ್ ಎಂಬ ಕಾರ್ಮಿಕ ಮರುವರ್ಷದ ಜನವರಿಯಲ್ಲಿ ತೀರಿಕೊಂಡ. ಆತ ಮೊದಲ ಮಹಾಯುದ್ಧದಲ್ಲಿ ಗಲಿಪೊಲಿಯಲ್ಲಿ ಹೋರಾಡಿದವನು.

ಗೂಳಿ ಪದ್ಧತಿ ಮುರಿದದ್ದು ಎರಡನೇ ಮಹಾಯುದ್ಧದ ಒತ್ತಡದಲ್ಲಿ. ಯುದ್ಧ ಸಾಮಗ್ರಿ ತುಂಬಿದ ಹಡಗುಗಳು ಬೇಗ ಖಾಲಿಯಾಗಬೇಕಿತ್ತು. ದಣಿದು ಕುಸಿಯುವ ಕೂಲಿಯಿಂದ ಅದು ಆಗದು ಎಂಬುದು ಸರ್ಕಾರಕ್ಕೂ ಅರಿವಾಯಿತು. 1942ರಲ್ಲಿ ಹಡಗಿನ ಸರಕು ಏರಿಳಿಸುವ ಕೆಲಸವನ್ನು ನಿಯಂತ್ರಿಸಲು ಸ್ಟೀವ್‌ಡೋರಿಂಗ್ ಕೈಗಾರಿಕಾ ಆಯೋಗ ರಚನೆಯಾಯಿತು. 1937ರಿಂದ ಫೆಡರೇಶನ್ನಿನ ಪ್ರಧಾನ ಕಾರ್ಯದರ್ಶಿಯಾಗಿದ್ದ ಜಿಮ್ ಹೀಲಿ ಬಹುಕಾಲದಿಂದ ಒತ್ತಾಯಿಸುತ್ತಿದ್ದ ಸರದಿ ಗ್ಯಾಂಗ್ ವ್ಯವಸ್ಥೆ ಜಾರಿಗೆ ಬಂತು. ಹಮಾಲಿಗಳು ಗ್ಯಾಂಗ್‌ಗಳಾಗಿ ನೋಂದಾಯಿಸಿಕೊಂಡರು. ಯಾವ ಹಡಗಿಗೆ ಯಾವ ಗ್ಯಾಂಗ್ ಎಂಬುದು ಸರದಿಯಿಂದ ತೀರ್ಮಾನವಾಗತೊಡಗಿತು. ಮುದುಕನಿಗೂ ಯುವಕನಿಗೂ, ಮೇಸ್ತ್ರಿಯ ಮೆಚ್ಚಿನವನಿಗೂ ಎದುರಾಡುವವನಿಗೂ ಕೆಲಸ ಸಮನಾಗಿ ಬಂತು. ತನ್ನ ಸರದಿ ಯಾವಾಗ ಎಂದು ಗೊತ್ತಿದ್ದವನು ಅದರ ನಡುವೆ ನಿಶ್ಚಿಂತೆಯಿಂದ ಮಲಗಬಹುದಿತ್ತು. ಯುದ್ಧಾನಂತರ ಹಾಜರಿ ಹಣ ಬಂತು: ಕೆಲಸಕ್ಕೆ ಸಿದ್ಧನಾಗಿ ಬಂದವನಿಗೆ ಹಡಗಿಲ್ಲದಿದ್ದರೂ ಒಂದಿಷ್ಟು ದುಡ್ಡು. 1948ರ ಜನವರಿಯಿಂದ ವಾರಕ್ಕೆ ನಲವತ್ತು ಗಂಟೆ ದೇಶದ ಸಾಮಾನ್ಯ ನಿಯಮವಾಯಿತು.

ಬರಹದ ನಿಯಮಗಳ ಜತೆಗೆ ಧಕ್ಕೆಯಲ್ಲಿ ಬಾಯಿಮಾತಿನ ಕಟ್ಟಳೆಗಳೂ ಇದ್ದವು. ಗ್ಯಾಂಗಿನ ಅರ್ಧ ಜನ ಒಡಲೊಳಗೆ ದುಡಿಯುವಾಗ ಉಳಿದರ್ಧ ಮೇಲೆ ಬಂದು ಸುಧಾರಿಸಿಕೊಂಡು, ಆಮೇಲೆ ಜಾಗ ಬದಲಿಸಿಕೊಳ್ಳುವುದು ಅವುಗಳಲ್ಲಿ ಒಂದು. ಹಡಗು ಕಂಪನಿಗಳು ಇದನ್ನು ಮೈಗಳ್ಳತನವೆಂದು ದೂರಿದವು. ಹೆಪ್ಪುಗಟ್ಟಿದ ಮಾಂಸದ ಶೀತಲ ಕೋಣೆಯಲ್ಲೋ ದೂಳಿನ ಸರಕಿನ ನಡುವೆಯೋ ಬಿಡುವಿಲ್ಲದೆ ನಿಲ್ಲಲಾಗದು ಎಂಬುದು ಹಮಾಲಿಗಳ ಉತ್ತರ. ಸ್ಮೋಕೊ ಎಂಬ ಚಹಾದ ಬಿಡುವೂ ಹೀಗೆಯೇ ಹಕ್ಕಿನಂತೆ ಬೇರೂರಿತು.

ಬಿಡುವಿನ ಹೊತ್ತನ್ನು ತುಂಬುವ ಕೆಲಸವನ್ನೂ ಸಂಘವೇ ವಹಿಸಿಕೊಂಡಿತು. ಸಸೆಕ್ಸ್ ಬೀದಿಯ ಸಂಘದ ಕಚೇರಿಯಲ್ಲಿ ಕಲಾವಿದರು ಮತ್ತು ಹಮಾಲಿಗಳು ಸೇರಿ 1950ರ ದಶಕದಲ್ಲಿ ದೊಡ್ಡ ಭಿತ್ತಿಚಿತ್ರ ಬರೆದರು. ಅದು ಈಗ ಡಾರ್ಲಿಂಗ್ ಹಾರ್ಬರ್‌ನ ರಾಷ್ಟ್ರೀಯ ಕಡಲ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿದೆ. 1953ರಿಂದ 1958ರವರೆಗೆ ಸಂಘಕ್ಕೆ ತನ್ನದೇ ಚಲನಚಿತ್ರ ಘಟಕವಿತ್ತು. ಜಾಕ್ ಲೆವಿ, ಕೀತ್ ಗೌ, ನಾರ್ಮಾ ಡಿಷರ್ ಅದನ್ನು ನಡೆಸಿದರು. ಅವರು 1955ರಲ್ಲಿ ತೆಗೆದ ‘ದಿ ಹಂಗ್ರಿ ಮೈಲ್ಸ್’ ಹಳೆಯ ಕೂಲಿ ಪದ್ಧತಿಯನ್ನು ಅಭಿನಯಿಸಿ ತೋರಿಸಿತು. ದುಡಿದು ಬಸವಳಿದವನಿಗೆ ನಿದ್ದೆಯಷ್ಟೇ ಸಾಲದು, ತನ್ನ ದುಡಿಮೆಗೆ ಅರ್ಥವಿದೆ ಎಂಬ ಭಾವನೆಯೂ ಬೇಕು ಎಂಬ ತಿಳಿವಳಿಕೆ ಈ ಕೆಲಸಗಳ ಹಿಂದಿತ್ತು.

1967ರಲ್ಲಿ ದೊಡ್ಡ ಬಂದರುಗಳಲ್ಲಿ ಖಾಯಂ ನೌಕರಿ ಬಂದು ದಿನಗೂಲಿಯ ಯುಗ ಕೊನೆಗೊಂಡಿತು. ಅದೇ ಹೊತ್ತಿಗೆ ಕಂಟೇನರ್ ಕೂಡ ಬಂತು. 1969ರಲ್ಲಿ ಬ್ರಿಟನ್ನಿನಿಂದ ಕಂಟೇನರ್ ಹಡಗುಗಳ ಸೇವೆ ಆರಂಭವಾಗಿ, ಮೆಲ್ಬರ್ನ್‌ನ ಸ್ವಾನ್ಸನ್ ಡಾಕ್‌ಗೆ ಸರಕು ಸರಿಯತೊಡಗಿತು. ಸಿಡ್ನಿಯಲ್ಲಿ 1979ರ ನಂತರ ಬಾಟನಿ ಬಂದರು ಮುಖ್ಯವಾಯಿತು. ಬೆನ್ನಿನ ಭಾರ ಇಳಿಯಿತು. ಅದರ ಜಾಗಕ್ಕೆ ರಾತ್ರಿ ಪಾಳಿ, ಕ್ರೇನಿನ ವೇಗದ ಲೆಕ್ಕ, ಕೆಲಸ ಹೋಗುವ ಭಯ ಬಂದವು. 1998ರ ಏಪ್ರಿಲ್ 7ರ ರಾತ್ರಿ ಸರಕು ಏರಿಳಿಸುವ ಪ್ಯಾಟ್ರಿಕ್ ಕಂಪನಿ ಸುಮಾರು 1,400 ಕಾರ್ಮಿಕರನ್ನು ಒಮ್ಮೆಲೇ ಹೊರಹಾಕಿತು. ಕಾವಲುಗಾರರು ನಾಯಿಗಳೊಂದಿಗೆ ಧಕ್ಕೆಗೆ ನುಗ್ಗಿದರು. ಮೇ ತಿಂಗಳಲ್ಲಿ ಹೈಕೋರ್ಟ್ ತೀರ್ಪಿನ ಬಲದಿಂದ ಕಾರ್ಮಿಕರು ಕೆಲಸಕ್ಕೆ ಮರಳಿದರು. ಆದರೆ ನಂತರದ ಒಪ್ಪಂದದಲ್ಲಿ ಬಹಳಷ್ಟು ಹುದ್ದೆಗಳು ಕರಗಿದವು.

ಖಾಲಿಯಾದ ಧಕ್ಕೆಗಳು ಕಚೇರಿಗಳಾದವು. ಮೆಲ್ಬರ್ನ್‌ನಲ್ಲಿ 1991ರಲ್ಲಿ ಡಾಕ್‌ಲ್ಯಾಂಡ್ಸ್ ಪ್ರಾಧಿಕಾರ ರಚನೆಯಾಗಿ, 2000ದಲ್ಲಿ ಕ್ರೀಡಾಂಗಣ ತೆರೆದು, ಆ ದಶಕದಲ್ಲೇ ಎನ್‌ಎಬಿ, ಎಎನ್‌ಝಡ್ ಬ್ಯಾಂಕುಗಳ ಕಟ್ಟಡಗಳು ಎದ್ದವು. ಸಿಡ್ನಿಯಲ್ಲಿ ಬಾರಂಗಾರು ಎಂದು ಮರುನಾಮಕರಣಗೊಂಡ ದಂಡೆಯಲ್ಲಿ ಮುಂದಿನ ದಶಕದಲ್ಲಿ ಗೋಪುರಗಳು ನಿಂತವು. ಬೆಂಗಳೂರು, ಮೈಸೂರುಗಳಿಂದ ಹೋದ ಸಾಫ್ಟ್‌ವೇರ್ ನೌಕರರಿಗೂ ಇವು ಪರಿಚಿತ ವಿಳಾಸಗಳು. ಅವರ ದಣಿವಿಗೆ ಗಡಿಯಾರವೂ ಒಂದು ಕಾರಣ. ಮೆಲ್ಬರ್ನ್ ಬೆಂಗಳೂರಿಗಿಂತ ನಾಲ್ಕೂವರೆ ಗಂಟೆ ಮುಂದೆ. ಅಲ್ಲಿನ ಬೇಸಿಗೆಯಲ್ಲಿ ಐದೂವರೆ. ಬೆಂಗಳೂರಿನ ತಂಡ ಸಂಜೆ ಆರಕ್ಕೆ ಕರೆ ಮಾಡಿದರೆ ಡಾಕ್‌ಲ್ಯಾಂಡ್ಸ್‌ನ ನೌಕರನ ಮನೆಯಲ್ಲಿ ರಾತ್ರಿ ಹತ್ತೂವರೆ ಅಥವಾ ಹನ್ನೊಂದೂವರೆ. ಧಕ್ಕೆಯ ಬಾಗಿಲಲ್ಲಿ ಮೇಸ್ತ್ರಿಯ ಬೆರಳಿಗೆ ಕಾಯುವ ಕಾಲ ಹೋಗಿ, ಮನೆಯೊಳಗೆ ಫೋನಿಗೆ ಕಾಯುವ ಕಾಲ ಬಂತು.

ಈ ಬಗೆಯ ಬಳಲಿಕೆಯನ್ನು 1974ರಲ್ಲಿ ಅಮೆರಿಕದ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಬರ್ನ್‌ಔಟ್ ಎಂದು ವಿವರಿಸಿದರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗ ವರ್ಗೀಕರಣದಲ್ಲಿ ಇದಕ್ಕೆ ಮೂರು ಲಕ್ಷಣ ಹೇಳಿದೆ: ಶಕ್ತಿ ಬತ್ತುವುದು, ಕೆಲಸದ ಬಗ್ಗೆ ವಿಮುಖತೆ, ಕೈಲಾಗುವುದಿಲ್ಲ ಎಂಬ ಭಾವ. ಇದು ರೋಗವಲ್ಲ, ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದ ಫಲ ಎಂಬುದು ಆ ಸಂಸ್ಥೆಯ ನಿಲುವು. ಆಸ್ಟ್ರೇಲಿಯಾದ ಖಾಯಂ ನೌಕರನಿಗೆ ವರ್ಷಕ್ಕೆ ನಾಲ್ಕು ವಾರ ಸಂಬಳ ಸಹಿತ ರಜೆ, ಹತ್ತು ದಿನ ಅನಾರೋಗ್ಯ ರಜೆ ಇವೆ. ಕುಟುಂಬ ವೈದ್ಯರ ಚಿಕಿತ್ಸಾ ಯೋಜನೆಯಿದ್ದರೆ ವರ್ಷಕ್ಕೆ ಹತ್ತು ಬಾರಿ ಮನೋವಿಜ್ಞಾನಿಯನ್ನು ಕಾಣಲು ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ನೆರವಾಗುತ್ತದೆ. ತಾತ್ಕಾಲಿಕ ವೀಸಾದಲ್ಲಿರುವ ಭಾರತೀಯ ನೌಕರರಿಗೆ ಸಾಮಾನ್ಯವಾಗಿ ಮೆಡಿಕೇರ್ ಇಲ್ಲ. ಅವರು ಖಾಸಗಿ ವಿಮೆಯನ್ನೇ ನೆಚ್ಚಬೇಕು. ಕೆಲಸ ಬಿಟ್ಟರೆ ವೀಸಾಕ್ಕೂ ಕುತ್ತು ಬರಬಹುದೆಂಬ ಅಂಜಿಕೆಯೂ ಅವರಿಗಿದೆ.

2024ರ ಆಗಸ್ಟ್ 26ರಿಂದ ಆಸ್ಟ್ರೇಲಿಯಾದಲ್ಲಿ ಸಂಪರ್ಕ ಕಡಿದುಕೊಳ್ಳುವ ಹಕ್ಕು ಜಾರಿಗೆ ಬಂತು. ಸಣ್ಣ ಸಂಸ್ಥೆಗಳಿಗೆ ಒಂದು ವರ್ಷ ತಡವಾಗಿ. ಕೆಲಸದ ಅವಧಿ ಮುಗಿದ ಮೇಲೆ ಬರುವ ಕರೆ, ಸಂದೇಶಗಳನ್ನು ನೋಡದೆ, ಉತ್ತರಿಸದೆ ಇರಬಹುದು. ಆ ನಿರಾಕರಣೆ ನ್ಯಾಯವೋ ಅಲ್ಲವೋ ಎಂಬುದನ್ನು ಕರೆಯ ಕಾರಣ, ನೌಕರನ ಹೊಣೆ, ಹೆಚ್ಚಿನ ಸಂಭಾವನೆ, ಮನೆಯ ಪರಿಸ್ಥಿತಿ ನೋಡಿ ತೀರ್ಮಾನಿಸಬೇಕು. ತಕರಾರು ಕಚೇರಿಯಲ್ಲಿ ಬಗೆಹರಿಯದಿದ್ದರೆ ದುಡಿಮೆಯ ವಿವಾದಗಳನ್ನು ತೀರ್ಮಾನಿಸುವ ಫೇರ್ ವರ್ಕ್ ಕಮಿಷನ್‌ಗೆ ಹೋಗಬಹುದು. ಅದೇ ವರ್ಷ ಕರ್ನಾಟಕದಲ್ಲಿ ಐಟಿ ನೌಕರರ ದಿನದ ದುಡಿಮೆಯನ್ನು ಹದಿನಾಲ್ಕು ಗಂಟೆಯವರೆಗೆ ವಿಸ್ತರಿಸುವ ಪ್ರಸ್ತಾಪ ಎದ್ದಿತ್ತು. ಐಟಿ ನೌಕರರ ಸಂಘ ಕೆಐಟಿಯು ಅದನ್ನು ವಿರೋಧಿಸಿತು.

ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯ 2022ರ ಅಕ್ಟೋಬರ್‌ನಲ್ಲಿ ಮನಸ್ಸಿಗೆ ಹಾನಿ ತರುವ ಕೆಲಸದ ಅಪಾಯಗಳನ್ನು ಸುರಕ್ಷತಾ ನಿಯಮಗಳೊಳಗೆ ತಂದಿತ್ತು. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯ 2025ರ ಡಿಸೆಂಬರ್ 1ರಿಂದ ತನ್ನದೇ ನಿಯಮಗಳನ್ನು ಜಾರಿಗೆ ತಂದಿದೆ. ಅವುಗಳಂತೆ ಮಿತಿಮೀರಿದ ಕೆಲಸ, ಬೆದರಿಕೆ, ಆಸರೆಯಿಲ್ಲದ ಹೊಣೆಗಳಂಥ ಅಪಾಯಗಳನ್ನು ಗುರುತಿಸಿ ತಗ್ಗಿಸುವುದು ಮಾಲೀಕರ ಕರ್ತವ್ಯ. ಬೇರೆ ದಾರಿ ಇರುವಾಗ ಒತ್ತಡ ತಾಳಿಕೊಳ್ಳುವ ತರಬೇತಿಯನ್ನಷ್ಟೇ ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ. ಕೆಲಸದ ಹಂಚಿಕೆ, ವೇಳೆ, ಮೇಲ್ವಿಚಾರಣೆಗಳನ್ನೇ ಮೊದಲು ಬದಲಿಸಬೇಕು.