ಹುಬ್ಬಳ್ಳಿಯ ಮಹಾಮಾರಿಯೂ ಮುಂಬಯಿ ವೈದ್ಯವಿದ್ಯಾಲಯದ ಸೂಜಿಮದ್ದೂ

೧

ದೇಶಚರಿತ್ರೆಯನ್ನು ಬರೆಯುವವರು ಅರಸರ ವಂಶಾವಳಿಗಳನ್ನೂ ಯುದ್ಧಗಳನ್ನೂ ದಾನಶಾಸನಗಳನ್ನೂ ವಿಚಾರಿಸಿದಷ್ಟು ಶ್ರದ್ಧೆಯಿಂದ ಜನಪದಗಳನ್ನು ಬರಿದುಮಾಡಿದ ರೋಗಗಳ ವೃತ್ತಾಂತವನ್ನು ವಿಚಾರಿಸಿದುದು ಕಡಮೆ. ಒಂದು ಕೋಟೆ ಬಿದ್ದ ದಿನವು ಗ್ರಂಥಗಳಲ್ಲಿ ತಿಥಿವಾರಸಹಿತವಾಗಿ ದೊರೆಯುವುದು. ಒಂದು ಊರು ಮನೆಮನೆಗೂ ಬೀಗಹಾಕಿ ಹೊಲಗಳ ಗುಡಿಸಲುಗಳಿಗೆ ಹೊರಟ ವರ್ಷವಾದರೋ ಹಳೆಯ ಮನೆತನಗಳ ಬಾಯಿಮಾತಿನಲ್ಲಿ ಮಾತ್ರವೇ ಉಳಿದಿರುವುದು. ಧಾರವಾಡ ಸೀಮೆಯಲ್ಲಿ ಗಂಟುಬೇನೆಯ ಕಾಲವೆಂದು ಹೇಳಲ್ಪಡುವ ಕ್ರಿ. ಶ. ೧೮೯೮ರ ಸಮಯವು ಇಂತಹುದೇ ಆಗಿದೆ. ಆ ವರ್ಷ ಹುಬ್ಬಳ್ಳಿಯಲ್ಲಿ ನಡೆದ ಸಂಗತಿಯು ಕೇವಲ ಒಂದು ಊರಿನ ಸಂಕಟದ ಕಥೆಯಲ್ಲ. ವೈದ್ಯವಿದ್ಯಾಲಯವೊಂದರ ಕೋಣೆಯಲ್ಲಿ ಸಿದ್ಧವಾದ ಔಷಧವು ಪಟ್ಟಣದ ಬಹುಭಾಗದ ಜನರ ತೋಳಿನ ಮೇಲೆ ಪರೀಕ್ಷಿತವಾದುದು ಇಲ್ಲಿಯೇ. ಆ ವೃತ್ತಾಂತವನ್ನು ಕ್ರಮವಾಗಿ ನಿರೂಪಿಸಿ, ವೈದ್ಯಶಾಲೆಯ ಸಾಧನೆಯೆಂಬುದು ಯಾವುದರಿಂದ ಪೂರ್ಣವಾಗುವುದೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶವು.

೨

ಒಂದೇ ರೋಗವು ಏಕಕಾಲದಲ್ಲಿ ಊರೆಲ್ಲವನ್ನೂ ಹಿಡಿಯುವ ಸಂಗತಿಯನ್ನು ಪ್ರಾಚೀನ ಆಚಾರ್ಯರು ಪ್ರತ್ಯೇಕವಾಗಿ ವಿಚಾರಿಸಿದ್ದರು. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಜನಪದೋದ್ಧ್ವಂಸವೆಂಬ ವಿಷಯಕ್ಕೆಂದೇ ಒಂದು ಅಧ್ಯಾಯವುಂಟು. ಪ್ರಕೃತಿ, ಆಹಾರ, ದೇಹ, ಬಲ, ಮನಸ್ಸು, ವಯಸ್ಸು ಇವೆಲ್ಲವುಗಳಲ್ಲಿಯೂ ಪರಸ್ಪರ ಭಿನ್ನರಾದ ಮನುಷ್ಯರು ಒಂದೇ ವ್ಯಾಧಿಯಿಂದ ಒಂದೇ ಸಮಯದಲ್ಲಿ ಹೇಗೆ ನಾಶವಾಗುವರೆಂದು ಅಗ್ನಿವೇಶನು ಕೇಳುತ್ತಾನೆ. ಮನುಷ್ಯರು ಭಿನ್ನರಾದರೂ ವಾಯು, ಉದಕ, ದೇಶ, ಕಾಲ ಈ ನಾಲ್ಕು ಎಲ್ಲರಿಗೂ ಸಾಧಾರಣವಾದುವು. ಇವು ಕೆಟ್ಟಾಗ ಜನಪದವು ಕೆಡುವುದೆಂದು ಪುನರ್ವಸು ಆತ್ರೇಯನ ಉತ್ತರವು. ಭೂಮಿಯು ವಿರಸವಾಗುವ ಮೊದಲೇ ಔಷಧಗಳನ್ನು ಸಂಗ್ರಹಿಸಿಡಬೇಕೆಂಬ ವಿಧಿಯೂ ಅಲ್ಲಿಯೇ ಇದೆ.

ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ಹದಿನೆಂಟು ಬಗೆಯ ಇಲಿಗಳ ವಿಷವನ್ನೂ ಅದರಿಂದ ಹುಟ್ಟುವ ಗ್ರಂಥಿ, ಶೋಫ, ಜ್ವರಗಳನ್ನೂ ಹೇಳಿದೆ. ಇದನ್ನು ಕಂಡು ಪ್ಲೇಗೆಂಬ ವ್ಯಾಧಿಯು ಸುಶ್ರುತನಿಗೆ ತಿಳಿದಿದ್ದಿತೆಂದು ಸಾಧಿಸುವುದು ಯುಕ್ತವಲ್ಲ. ಅಲ್ಲಿ ಹೇಳಿರುವುದು ಇಲಿಯ ಸಂಪರ್ಕದಿಂದ ಒಬ್ಬೊಬ್ಬನಿಗೆ ತಗಲುವ ವಿಷವನ್ನೇ ಹೊರತು ಊರಿನಿಂದೂರಿಗೆ ಹಬ್ಬುವ ಮಾರಿಯನ್ನಲ್ಲ. ಹಾಗೆಯೇ ಆತ್ರೇಯನು ಹೇಳಿದ ಔಷಧಸಂಗ್ರಹವು ಈಚಿನ ಸೂಜಿಮದ್ದಾಗಲಾರದು. ಪೂರ್ವಿಕರು ಪ್ರಶ್ನೆಯನ್ನು ಸರಿಯಾಗಿ ಕೇಳಿದ್ದರೆಂಬಷ್ಟೇ ಹೆಮ್ಮೆಯು ಸಾಕು. ಉತ್ತರದ ಉಳಿದ ಭಾಗವನ್ನು ಬೇರೆ ಕಾಲದವರು ಬೇರೆ ಸಾಧನಗಳಿಂದ ಹುಡುಕಬೇಕಾಯಿತು.

೩

ಮುಂಬಯಿಯ ಗ್ರ್ಯಾಂಟ್ ವೈದ್ಯವಿದ್ಯಾಲಯವು ೧೮೪೫ರಲ್ಲಿ ಸ್ಥಾಪಿತವಾದುದು. ೧೮೫೭ರಲ್ಲಿ ಮುಂಬಯಿ ವಿಶ್ವವಿದ್ಯಾಲಯವು ಹುಟ್ಟಿದ ತರುವಾಯ ಅದು ಆ ವಿಶ್ವವಿದ್ಯಾಲಯಕ್ಕೆ ಸೇರಿತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ಮುಂಬಯಿ ಇಲಾಖೆಯವಾಗಿದ್ದುದರಿಂದ ಆ ಭಾಗದ ಕನ್ನಡಿಗರಿಗೆ ಪಾಶ್ಚಾತ್ಯ ವೈದ್ಯವನ್ನು ಕಲಿಸುವ ಮುಖ್ಯ ವಿದ್ಯಾಪೀಠವು ಇದೇ ಆಗಿದ್ದಿತು.

೧೮೯೬ರ ಸೆಪ್ಟೆಂಬರ ತಿಂಗಳಲ್ಲಿ ಮುಂಬಯಿಯ ಮಾಂಡವಿ ಭಾಗದಲ್ಲಿ ಪ್ಲೇಗು ಕಾಣಿಸಿಕೊಂಡಿತು. ಈ ರೋಗದ ಸೂಕ್ಷ್ಮಜಂತುವನ್ನು ಎರಡು ವರ್ಷಗಳ ಹಿಂದೆ, ೧೮೯೪ರಲ್ಲಿ, ಯೆರ್ಸಿನ್ ಎಂಬ ವಿದ್ವಾಂಸರು ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದಿದ್ದರು. ಆದರೆ ತಡೆಯುವ ಉಪಾಯವು ಯಾರಿಗೂ ತಿಳಿದಿರಲಿಲ್ಲ. ಸರಕಾರದವರು ಕಲಕತ್ತೆಯಿಂದ ವಾಲ್ಡೆಮಾರ್ ಹಾಫ್ಕಿನ್ ಎಂಬವರನ್ನು ಕರೆಯಿಸಿದರು. ಇವರು ೧೮೬೦ರಲ್ಲಿ ಒಡೆಸ್ಸಾ ಪಟ್ಟಣದಲ್ಲಿ ಹುಟ್ಟಿದ ಯೆಹೂದಿಗಳು; ಪ್ಯಾರಿಸಿನ ಪಾಸ್ತರ್ ಸಂಸ್ಥೆಯಲ್ಲಿ ಕೆಲಸಮಾಡಿ ೧೮೯೨ರಲ್ಲಿ ಕಾಲರಾರೋಗಕ್ಕೆ ಪ್ರತಿಬಂಧಕ ಮದ್ದನ್ನು ಸಿದ್ಧಪಡಿಸಿದ್ದವರು; ವಿದ್ಯೆಯಿಂದ ಪ್ರಾಣಿಶಾಸ್ತ್ರಜ್ಞರೇ ಹೊರತು ವೈದ್ಯರಲ್ಲ. ಇವರಿಗೆ ಗ್ರ್ಯಾಂಟ್ ವಿದ್ಯಾಲಯದಲ್ಲಿ ದೊರೆತ ಪ್ರಯೋಗಶಾಲೆಯೆಂದರೆ ಒಂದು ಕೋಣೆ ಮತ್ತು ಅದರ ಪಕ್ಕದ ಓಣಿ ಮಾತ್ರ.

ಆ ಕೋಣೆಯಲ್ಲಿ ನಡೆದ ಕಾರ್ಯವು ವಿಶೇಷವಾದುದು. ಮಾಂಸದ ಸಾರಿನಲ್ಲಿ ರೋಗಜಂತುಗಳನ್ನು ಬೆಳೆಯಿಸಬೇಕಾಗಿದ್ದಿತು. ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಬಿಟ್ಟರೆ ಜಂತುಗಳು ಆ ಹನಿಗಳನ್ನು ಆಶ್ರಯಿಸಿ ಕೆಳಮುಖವಾಗಿ ದಾರದಂತೆ ಇಳಿದು ಬೆಳೆಯುವುವೆಂಬುದನ್ನು ಹಾಫ್ಕಿನ್ನರು ಕಂಡುಕೊಂಡರು. ಪಾತ್ರೆಯನ್ನು ಅಲುಗಿಸಿದರೆ ಆ ದಾರಗಳು ತಳಕ್ಕೆ ಬಿದ್ದು ಹೊಸ ಬೆಳೆಗೆ ಎಡೆಯಾಗುವುದು. ಹೀಗೆ ಕೆಲವು ವಾರಗಳ ಕಾಲ ಬೆಳೆಯಿಸಿದ ಮೇಲೆ ಆ ದ್ರವವನ್ನು ಹದವಾಗಿ ಕಾಯಿಸಿ ಜಂತುಗಳನ್ನು ಕೊಂದು, ಕೆಡದಂತೆ ಸ್ವಲ್ಪ ಕಾರ್ಬಾಲಿಕ್ ಆಮ್ಲವನ್ನು ಬೆರಸುವರು. ಸತ್ತ ಜಂತುಗಳು ದೇಹವನ್ನು ಸೇರಿದರೆ, ಸಜೀವ ಜಂತುಗಳನ್ನು ಎದುರಿಸುವ ಶಕ್ತಿಯು ದೇಹದಲ್ಲಿ ಮೊದಲೇ ಹುಟ್ಟುವುದೆಂಬುದು ಇದರ ತತ್ತ್ವವು.

ಮೂರು ತಿಂಗಳೊಳಗೆ ಮದ್ದು ಸಿದ್ಧವಾಯಿತು. ೧೮೯೭ರ ಜನವರಿ ೧೦ರಂದು ಹಾಫ್ಕಿನ್ನರು ಮೊಟ್ಟಮೊದಲು ತಮ್ಮ ಮೈಗೇ ಅದನ್ನು ಹಾಕಿಸಿಕೊಂಡರು. ಅದೂ ಮುಂದೆ ಜನರಿಗೆ ಕೊಟ್ಟುದಕ್ಕಿಂತ ಬಹಳ ಹೆಚ್ಚಿನ ಪ್ರಮಾಣದಲ್ಲಿ. ಜ್ವರವೂ ನೋವೂ ಬಂದು ಇಳಿದುವು. ಆ ತಿಂಗಳ ಕೊನೆಯಲ್ಲಿ ಬೈಕಳಾ ಸೆರೆಮನೆಯಲ್ಲಿ ರೋಗವು ಹುಟ್ಟಲು, ಒಪ್ಪಿದ ಬಂದಿಗಳಿಗೆ ಮದ್ದು ಹಾಕಿ ಒಪ್ಪದವರೊಡನೆ ಹೋಲಿಸಿದರು. ಫಲವು ಅನುಕೂಲವಾಗಿ ಕಂಡಿತು. ಆದರೆ ಸೆರೆಮನೆಯ ಕೆಲವು ನೂರು ಜನರಿಗೂ ಹತ್ತಾರು ಸಾವಿರ ಜನರ ಪಟ್ಟಣಕ್ಕೂ ಅಂತರವು ಬಹಳ. ಆ ದೊಡ್ಡ ಪರೀಕ್ಷೆಯು ಹುಬ್ಬಳ್ಳಿಗೆ ಕಾದಿದ್ದಿತು.

೪

ಹುಬ್ಬಳ್ಳಿಯು ಆಗ ಬೆಳೆಯುತ್ತಲಿದ್ದ ಪೇಟೆ. ೧೯೦೧ರ ಖಾನೇಸುಮಾರಿಯಲ್ಲಿ ಅಲ್ಲಿಯ ಜನಸಂಖ್ಯೆಯು ೬೦,೦೦೦ಕ್ಕೆ ಸ್ವಲ್ಪ ಮಿಕ್ಕಿದ್ದಿತು. ದಕ್ಷಿಣ ಮರಾಠಾ ರೈಲ್ವೆಯ ಕಾರಖಾನೆಯು ಅಲ್ಲಿದ್ದು ಅದರ ಕೆಲಸಗಾರರು ಸಂಸಾರಸಹಿತರಾಗಿ ನೆಲಸಿದ್ದರು. ಪೂರ್ವಕ್ಕೆ ಗದಗಿನ ದಾರಿಯಲ್ಲಿರುವ ಕುಸುಗಲ್ಲು, ಶಿರಗುಪ್ಪಿ ಮೊದಲಾದ ಎರೆಭೂಮಿಯ ಗ್ರಾಮಗಳಿಗೆ ಅರಳೆ, ಜೋಳಗಳ ವ್ಯಾಪಾರಕ್ಕೆ ಹುಬ್ಬಳ್ಳಿಯೇ ಆಶ್ರಯವು. ಧಾನ್ಯವಿದ್ದಲ್ಲಿ ಇಲಿಗಳಿರುವುವು; ಚಕ್ಕಡಿಯೂ ರೈಲೂ ಮೂಟೆಗಳನ್ನು ಹೊತ್ತಲ್ಲಿಗೆಲ್ಲ ಇಲಿಗಳೂ ಅವುಗಳ ಚಿಕ್ಕಾಡುಗಳೂ ಹೋಗುವುವು. ಪ್ಲೇಗನ್ನು ಇಲಿಯಿಂದ ಮನುಷ್ಯನಿಗೆ ತರುವುದು ಚಿಕ್ಕಾಡೆಂದು ಸಿಮೊಂಡ್ ಎಂಬ ಫ್ರೆಂಚ್ ವೈದ್ಯರು ಅದೇ ೧೮೯೮ರಲ್ಲಿ ಕರಾಚಿಯಲ್ಲಿ ತೋರಿಸಿದರು. ಆದರೆ ಅದನ್ನು ಒಪ್ಪಿದವರು ಆಗ ವಿರಳ; ೧೯೦೫ರಿಂದ ಮುಂದೆ ನಡೆದ ಸಂಶೋಧನೆಗಳಿಂದಲೇ ಅದು ಸ್ಥಿರಪಟ್ಟಿತು. ಆದುದರಿಂದ ಹುಬ್ಬಳ್ಳಿಯ ಅಧಿಕಾರಿಗಳಾಗಲಿ ಜನರಾಗಲಿ ಶತ್ರುವಿನ ದಾರಿಯನ್ನು ತಿಳಿಯದೆಯೇ ಹೋರಾಡಬೇಕಾಯಿತು. ಇಲಿ ಬಿದ್ದ ಮನೆಯನ್ನು ಬಿಟ್ಟು ಹೊಲಕ್ಕೆ ಹೋಗಬೇಕೆಂಬ ಹಳ್ಳಿಗರ ನಡೆವಳಿಕೆಯು ಮಾತ್ರ, ಕಾರಣವನ್ನರಿಯದಿದ್ದರೂ, ಸರಿಯಾಗಿದ್ದಿತೆಂಬುದು ಇಲ್ಲಿ ಗಮನಿಸತಕ್ಕ ಸಂಗತಿ.

ಸೂಜಿಮದ್ದನ್ನು ಹಾಕುವ ಕಾರ್ಯವು ೧೮೯೮ರ ಮೇ ತಿಂಗಳಲ್ಲಿ ಲ್ಯೂಮನ್ ಎಂಬ ಸೈನ್ಯವೈದ್ಯರ ನೇತೃತ್ವದಲ್ಲಿ ಆರಂಭವಾಗಿ ಮಳೆಗಾಲವೆಲ್ಲ ನಡೆಯಿತು. ಸೆಪ್ಟೆಂಬರದ ವೇಳೆಗೆ ಮದ್ದು ಹಾಕಿಸಿಕೊಂಡವರ ಸಂಖ್ಯೆಯು ೩೦,೦೦೦ವನ್ನು ಮೀರಿದ್ದಿತು. ಅನೇಕರು ಎರಡನೆಯ ಸಲವೂ ಹಾಕಿಸಿಕೊಂಡರು.

ಇಷ್ಟು ಜನರು ಒಪ್ಪಿದುದು ಸಾಮಾನ್ಯವಲ್ಲ. ಹಿಂದಿನ ವರ್ಷ ಪುಣೆಯಲ್ಲಿ ಸಿಪಾಯಿಗಳು ಮನೆಗಳನ್ನು ಹೊಕ್ಕು ಶೋಧಿಸಿದುದರಿಂದ ಜನರು ರೋಷಗೊಂಡು, ಪ್ಲೇಗಿನ ಅಧಿಕಾರಿಯಾಗಿದ್ದ ರ್‍ಯಾಂಡ್ ಎಂಬವರ ಮೇಲೆ ಜೂನ್ ೨೨ರಂದು ಗುಂಡುಹಾರಿಸಿ ಕೊಂದಿದ್ದರು. ಆಸ್ಪತ್ರೆಗೆ ಹೋದವನು ತಿರುಗಿ ಬಾರನೆಂಬ ಭಯವು ಎಲ್ಲೆಡೆಯಲ್ಲಿಯೂ ಹಬ್ಬಿದ್ದಿತು. ಇಂತಹ ಕಾಲದಲ್ಲಿ ಹುಬ್ಬಳ್ಳಿಯವರು ತೋಳು ಚಾಚಿದುದಕ್ಕೆ ವಿಶ್ವಾಸವೊಂದೇ ಕಾರಣವೆಂದು ಹೇಳಿದರೆ ಸತ್ಯಕ್ಕೆ ಲೋಪ ಬರುವುದು. ಮದ್ದು ಹಾಕಿಸಿಕೊಂಡವರಿಗೆ ದೃಢಪತ್ರವನ್ನು ಕೊಟ್ಟು ಪ್ರಯಾಣದ ಮತ್ತು ಪ್ರತ್ಯೇಕವಾಸದ ಕೆಲವು ನಿರ್ಬಂಧಗಳಿಂದ ಬಿಡುಗಡೆಮಾಡುವ ಪದ್ಧತಿಯು ಮುಂಬಯಿ ಇಲಾಖೆಯಲ್ಲಿ ಇದ್ದಿತು. ಮನೆಯನ್ನೂ ಕೂಲಿಯನ್ನೂ ಕಳೆದುಕೊಳ್ಳುವುದಕ್ಕಿಂತ ಎರಡು ದಿನದ ಜ್ವರವೇ ಮೇಲೆಂದು ಬಡವನು ಎಣಿಸಿದ್ದರೆ ಆಶ್ಚರ್ಯವಿಲ್ಲ. ಆದರೂ ಓಣಿಯೊಳಗೆ ನೆರೆಯವನು ಬದುಕಿ ಉಳಿದುದನ್ನು ಕಣ್ಣಾರೆ ಕಾಣದಿದ್ದರೆ ಆ ಸಂಖ್ಯೆಯು ತಿಂಗಳಿನಿಂದ ತಿಂಗಳಿಗೆ ಬೆಳೆಯುತ್ತಿರಲಿಲ್ಲ.

ಲ್ಯೂಮನ್ನರು ವಾರವಾರಕ್ಕೂ ಮದ್ದು ಹಾಕಿಸಿಕೊಂಡವರಲ್ಲಿಯ ಮತ್ತು ಹಾಕಿಸಿಕೊಳ್ಳದವರಲ್ಲಿಯ ಮರಣಗಳನ್ನು ಬೇರೆಬೇರೆಯಾಗಿ ಎಣಿಸಿ ಬರೆಯಿಸಿದರು. ಈ ಪಟ್ಟಿಗಳೇ ಹುಬ್ಬಳ್ಳಿಯ ಹೆಸರನ್ನು ದೂರದೇಶಗಳಿಗೆ ಒಯ್ದುವು. ೧೮೯೯ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ವಿದ್ವತ್ಸಭೆಯ ಮುಂದೆ ಹಾಫ್ಕಿನ್ನರು ತಮ್ಮ ಮದ್ದಿನ ಗುಣವನ್ನು ಪ್ರತಿಪಾದಿಸಿದಾಗ ಹುಬ್ಬಳ್ಳಿಯ ಅಂಕೆಗಳು ಮುಖ್ಯಪ್ರಮಾಣಗಳಲ್ಲಿ ಸೇರಿದ್ದುವು.

ಈ ಪ್ರಮಾಣವು ನಿರ್ದುಷ್ಟವಾದುದೇ ಎಂಬ ಪ್ರಶ್ನೆಯನ್ನು ಬಿಡುವಂತಿಲ್ಲ. ರೋಗಕಾಲದಲ್ಲಿ ಜನರು ಊರುಬಿಟ್ಟು ಹೋಗುತ್ತಲೂ ಬರುತ್ತಲೂ ಇರುವರು. ಮದ್ದು ಹಾಕಿಸಿಕೊಂಡವರ ಲೆಕ್ಕವು ಪುಸ್ತಕದಲ್ಲಿರುವುದು. ಹಾಕಿಸಿಕೊಳ್ಳದವರು ಎಷ್ಟು ಮಂದಿ ಊರಲ್ಲಿ ಉಳಿದರೆಂಬುದನ್ನು ಊಹಿಸಬೇಕಾಗುವುದು. ಫ್ರೇಸರ್ ಎಂಬವರ ಅಧ್ಯಕ್ಷತೆಯಲ್ಲಿ ೧೮೯೮–೯೯ರಲ್ಲಿ ವಿಚಾರಣೆ ನಡೆಯಿಸಿದ ಭಾರತೀಯ ಪ್ಲೇಗ್ ಮಂಡಲಿಯು ದೇಶದಲ್ಲಿ ಸಂಗ್ರಹವಾದ ಅಂಕೆಗಳಲ್ಲಿ ದೋಷಗಳುಂಟೆಂದು ಎತ್ತಿ ತೋರಿಸಿತು. ಆದರೂ ಸೂಜಿಮದ್ದಿನಿಂದ ರೋಗವು ತಗಲುವುದೂ ತಗಲಿದವರು ಸಾಯುವುದೂ ಗಣನೀಯವಾಗಿ ಕಡಮೆಯಾಗುವುವು. ಪೂರ್ಣರಕ್ಷಣೆಯು ಮಾತ್ರ ದೊರೆಯದು ಎಂದು ನಿರ್ಣಯಿಸಿತು. ಅಂಕೆಗಳನ್ನು ತಿದ್ದಿದ ಮೇಲೆಯೂ ಉಳಿದ ಈ ನಿರ್ಣಯವೇ ಆ ವಿದ್ಯಾಲಯದ ಕೋಣೆಯ ನಿಜವಾದ ಸಾಧನೆಯು.

೫

ರೋಗವು ಹುಬ್ಬಳ್ಳಿಯಲ್ಲಿಯೇ ನಿಲ್ಲಲಿಲ್ಲ. ೧೮೯೮ರ ಆಗಸ್ಟಿನಲ್ಲಿ ಅದು ರೈಲುದಾರಿಯಿಂದಲೇ ಬೆಂಗಳೂರಿಗೆ ಮುಟ್ಟಿತು. ಹುಬ್ಬಳ್ಳಿಯಿಂದ ಬಂದ ಪ್ರಯಾಣಿಕನೊಬ್ಬನಲ್ಲಿ ಅಲ್ಲಿ ಮೊದಲು ಕಾಣಿಸಿತು. ಮೈಸೂರು ಸೀಮೆಯು ಬಹಳ ಜನರನ್ನು ಕಳೆದುಕೊಂಡಿತು. ೧೯೦೦ರಲ್ಲಿ ಬೆಂಗಳೂರಿನಲ್ಲಿ ತೆರೆದ ವಿಕ್ಟೋರಿಯಾ ಆಸ್ಪತ್ರೆಯು ಮುಂದೆ ೧೯೫೫ರಲ್ಲಿ ಹುಟ್ಟಿದ ಅಲ್ಲಿಯ ವೈದ್ಯವಿದ್ಯಾಲಯಕ್ಕೆ ಪಾಠಸ್ಥಾನವಾಯಿತು.

ಮದ್ದಿಗೂ ಕಳಂಕ ತಗಲಿತು. ೧೯೦೨ರ ಅಕ್ಟೋಬರದಲ್ಲಿ ಪಂಜಾಬಿನ ಮುಲ್ಕೊವಾಲ ಗ್ರಾಮದಲ್ಲಿ ಒಂದೇ ಸೀಸೆಯ ಮದ್ದು ಹಾಕಿಸಿಕೊಂಡ ೧೯ ಜನರು ಧನುರ್ವಾಯುವಿನಿಂದ ಸತ್ತರು. ದೋಷವನ್ನು ಹಾಫ್ಕಿನ್ನರ ಪ್ರಯೋಗಶಾಲೆಯ ಮೇಲೆ ಹೊರಿಸಿ ಅವರನ್ನು ಕೆಲಸದಿಂದ ದೂರವಿಟ್ಟರು. ಸೀಸೆಯು ಕೆಟ್ಟುದು ಗ್ರಾಮದಲ್ಲಿ ತೆರೆದಾಗಲೆಂದು ವಾದಿಸಿ ರೊನಾಲ್ಡ್ ರಾಸ್ ಮೊದಲಾದ ವಿದ್ವಾಂಸರು ೧೯೦೭ರಲ್ಲಿ ಪತ್ರಮುಖವಾಗಿ ಅವರ ಪಕ್ಷವನ್ನು ಹಿಡಿದ ಬಳಿಕ ಅಪವಾದವು ಕಳೆಯಿತು. ೧೮೯೯ರಲ್ಲಿ ಪರಳಕ್ಕೆ ಸಾಗಿದ್ದ ಆ ಪ್ರಯೋಗಶಾಲೆಗೆ ೧೯೨೫ರಲ್ಲಿ ಅವರ ಹೆಸರನ್ನೇ ಇಟ್ಟರು.

ಹುಬ್ಬಳ್ಳಿಗೆ ಸ್ವಂತ ವೈದ್ಯವಿದ್ಯಾಲಯವು ದೊರೆಯುವುದಕ್ಕೆ ಬಹುಕಾಲ ಹಿಡಿಯಿತು. ೧೯೪೯ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ಧಾರವಾಡಕ್ಕೆ ಬಂದ ಕರ್ನಾಟಕ ವಿಶ್ವವಿದ್ಯಾಲಯದ ಆಶ್ರಯದಲ್ಲಿ ೧೯೫೭ರಲ್ಲಿ ಕರ್ನಾಟಕ ವೈದ್ಯಕೀಯ ಮಹಾವಿದ್ಯಾಲಯವು ಹುಬ್ಬಳ್ಳಿಯಲ್ಲಿ ಸ್ಥಾಪಿತವಾಯಿತು. ಅದು ಇಂದು ೧೯೯೬ರಲ್ಲಿ ಹುಟ್ಟಿದ ರಾಜೀವಗಾಂಧಿ ಆರೋಗ್ಯವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ೨೦೨೦ರ ಕೋವಿಡ್ ಮಾರಿಯಲ್ಲಿ, ರೋಗದಿಂದ ಚೇತರಿಸಿಕೊಂಡವರ ರಕ್ತರಸವನ್ನು ರೋಗಿಗಳಿಗೆ ಕೊಡುವ ಚಿಕಿತ್ಸೆಯನ್ನು ರಾಜ್ಯದಲ್ಲಿ ಮೊದಮೊದಲು ಪ್ರಯೋಗಿಸಿದ ಸಂಸ್ಥೆಗಳಲ್ಲಿ ಇದೂ ಒಂದು. ಆಗ ಅದು ದೊಡ್ಡ ಸಾಧನೆಯೆಂಬ ವಾರ್ತೆಯು ಹಬ್ಬಿತು. ಆದರೆ ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯವರು ದೇಶದ ೩೯ ಆಸ್ಪತ್ರೆಗಳಲ್ಲಿ ೪೬೪ ರೋಗಿಗಳ ಮೇಲೆ ಹೋಲಿಸಿ ನೋಡಿದಾಗ ಆ ಚಿಕಿತ್ಸೆಯಿಂದ ಮರಣವು ಕಡಮೆಯಾಗಲಿಲ್ಲವೆಂದು ಕಂಡಿತು. ೨೦೨೧ರಲ್ಲಿ ಅದನ್ನು ಚಿಕಿತ್ಸಾಕ್ರಮದಿಂದ ತೆಗೆದುಹಾಕಿದರು. ಇದರಿಂದ ಪ್ರಯತ್ನಿಸಿದ ವೈದ್ಯರಿಗೆ ಅಗೌರವವೇನೂ ಇಲ್ಲ. ಒಬ್ಬ ರೋಗಿಯು ಗುಣಹೊಂದಿದುದು ವಾರ್ತೆ. ಗುಣವಾದುದು ಮದ್ದಿನಿಂದಲೇ ಎಂದು ತಿಳಿಯುವುದಕ್ಕೆ ಎಣಿಕೆ ಬೇಕು.

೬

ಮೇಲಣ ವಿಚಾರದಿಂದ ಫಲಿಸುವುದೇನೆಂದರೆ: ವೈದ್ಯವಿದ್ಯಾಲಯದ ಸಾಧನೆಯು ಮೂರು ಕೈಗಳಿಂದ ಪೂರ್ಣವಾಗುವುದು. ಮದ್ದನ್ನು ಕಂಡುಹಿಡಿದು ಮೊದಲು ತನ್ನ ಮೈಯಲ್ಲಿಯೇ ಪರೀಕ್ಷಿಸಿದವನ ಕೈಯೊಂದು. ಪಕ್ಷಪಾತವಿಲ್ಲದೆ ಬದುಕಿದವರನ್ನೂ ಸತ್ತವರನ್ನೂ ಎಣಿಸಿ ಬರೆದಿಟ್ಟವನ ಕೈಯೊಂದು. ಭಯದ ನಡುವೆಯೂ ತೋಳನ್ನು ಚಾಚಿದ ಜನರ ಕೈಯೊಂದು. ಮೊದಲನೆಯವನ ಹೆಸರು ಸಂಸ್ಥೆಗೆ ಬಂದಿದೆ. ಎರಡನೆಯವನ ಹೆಸರು ವರದಿಗಳಲ್ಲಿ ಉಳಿದಿದೆ. ಮೂರನೆಯವರಾದ ಹುಬ್ಬಳ್ಳಿಯ ನೇಕಾರರು, ಹಮಾಲರು, ರೈಲ್ವೆಯ ಕೆಲಸಗಾರರು, ಅವರ ಹೆಂಡಿರು ಮಕ್ಕಳು ಇವರು ಅಂಕೆಗಳಾಗಿ ಮಾತ್ರ ಉಳಿದಿದ್ದಾರೆ.

ಶಿರಗುಪ್ಪಿಯಂತಹ ಗ್ರಾಮಗಳಿಂದ ಇಂದು ರೋಗಿಯನ್ನು ಹುಬ್ಬಳ್ಳಿಯ ವೈದ್ಯವಿದ್ಯಾಲಯದ ಆಸ್ಪತ್ರೆಗೆ ಕರೆತರುವ ದಾರಿಯು, ಅಂದು ಧಾನ್ಯದ ಚಕ್ಕಡಿಗಳು ಪೇಟೆಗೆ ನಡೆದ ಪೂರ್ವದ ದಾರಿಯೇ. ಆ ಆಸ್ಪತ್ರೆಯ ಬಾಗಿಲಲ್ಲಿ ವೈದ್ಯನ ಮಾತನ್ನು ರೋಗಿಯು ನಂಬುವ ನಂಬಿಕೆಗೆ, ೧೮೯೮ರ ಮಳೆಗಾಲದಲ್ಲಿ ತೋಳು ಚಾಚಿದ ಆ ಹೆಸರಿಲ್ಲದವರೂ ತಳಪಾಯ ಹಾಕಿದರು. ಹುಬ್ಬಳ್ಳಿಯ ಇತಿಹಾಸವನ್ನು ಬರೆಯುವವರು ಅವರನ್ನು ಮರೆಯಲಾಗದು.